ಎಡಗಡೆಯ ತಂತಿ

ಊಟಕ್ಕೆ ಇಳಿಯುವ ಹೊತ್ತು. ಬಣ್ಣದ ಬಕೆಟ್‌ಗಳನ್ನು ಮಹಡಿಯ ಮೇಲಿನವರು ಆಗಲೇ ಎಳೆದುಕೊಂಡಿದ್ದರು. ಮೊದಲು ‘ಟಣ್’ ಎಂದು ಸದ್ದಾಯಿತು. ಆಮೇಲೆ ತೂಗುಹಲಗೆ ಎಡಕ್ಕೆ ಒಂದು ಬೆರಳಿನಷ್ಟು ವಾಲಿತು. ಕೊನೆಗೆ ಭಾವನ ಮಾತು ನಿಂತಿತು. ಭಾವಮೈದುನನಿಗೆ ಹೆಚ್ಚು ಹೆದರಿಕೆಯಾದದ್ದು ಅದಕ್ಕೇ.

ಆರನೆಯ ಅಂತಸ್ತಿನ ಎತ್ತರದಲ್ಲಿ, ಎರಡು ತುದಿಗಳಲ್ಲಿ ಎರಡು ಉಕ್ಕಿನ ತಂತಿಗಳಿಂದ ತೂಗುಹಾಕಿದ, ಉದ್ದಕ್ಕೂ ಹಿಡಿಕಂಬಿಯಿದ್ದ ನಾಲ್ಕು ಮೀಟರಿನ ಹಲಗೆ. ಎಡತುದಿಯಲ್ಲಿ ಭಾವ, ಬಲತುದಿಯಲ್ಲಿ ಅವನು, ಭೌತಶಾಸ್ತ್ರದ ಪದವಿ ಮುಗಿಸಿ, ಬೇರೆ ಕೆಲಸ ಸಿಗುವವರೆಗೆಂದು ಅಕ್ಕನ ಗಂಡನ ಜೊತೆ ಗೋಡೆಗೆ ಬಣ್ಣ ಬಳಿಯುತ್ತಿದ್ದವನು. ಸೊಂಟಕ್ಕೆ ಕಟ್ಟಬೇಕಾದ ಪಟ್ಟಿಗಳು ಮೇಲೆಯೇ ಉಳಿದಿದ್ದವು. “ಅದು ತುಂಟ ಮಕ್ಕಳನ್ನ ಕಟ್ಟಿಹಾಕೋಕೆ ಕಣೋ ಮೇಷ್ಟ್ರೇ” ಎಂದು ಬೆಳಿಗ್ಗೆ ನಕ್ಕಿದ್ದ ಭಾವ ಈಗ ಎಡಗಡೆಯ ತಂತಿಯನ್ನು ಎರಡೂ ಕೈಗಳಿಂದ ತಬ್ಬಿ ನಿಂತಿದ್ದರು. ಅವರ ತಲೆಯ ಮೇಲೆ ಅದರ ಎಳೆಗಳು ಬಿಚ್ಚಿಕೊಳ್ಳುತ್ತಿದ್ದವು.

“ಬಾರೋ, ಕೈ ಕೊಡು.”

ಅವನು ಎತ್ತಿದ್ದ ಕಾಲನ್ನು ಇದ್ದಲ್ಲೇ ಇಳಿಸಿದ. ಹಲಗೆ ನಲವತ್ತು ಕಿಲೋ. ಅದರಲ್ಲಿ ಅರ್ಧ ಆ ತಂತಿಗೆ. ಭಾವ ಎಂಬತ್ತು, ತುದಿಯಲ್ಲೇ ನಿಂತಿರುವುದರಿಂದ ಅಷ್ಟೂ ಆ ತಂತಿಗೇ. ಒಟ್ಟು ನೂರು. ಅರವತ್ತು ಕಿಲೋದ ತಾನೂ ಅಲ್ಲಿಗೆ ಹೋದರೆ ನೂರ ಅರವತ್ತು. ತನ್ನ ಪಕ್ಕದ ತಂತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಒಂದು ಎಳೆಯೂ ಹರಿದಿರಲಿಲ್ಲ.

“ನಾನು ಬರಲ್ಲ ಭಾವ. ನೀವೇ ಬನ್ನಿ.”

“ಅನ್ನ ಹಾಕಿದವನ ಕೈ ಹಿಡಿಯೋಕೂ ಲೆಕ್ಕ ಹಾಕ್ತೀಯಾ?”

“ನಾನು ಬಂದ್ರೆ ಆ ತಂತಿಗೆ ಭಾರ ಏರುತ್ತೆ. ನೀವು ಈ ಕಡೆ ಹೆಜ್ಜೆ ಇಟ್ಟಷ್ಟೂ ಇಳಿಯುತ್ತೆ. ಅದನ್ನ ಬಿಡಿ, ಕಂಬಿ ಹಿಡ್ಕೊಂಡು ಬನ್ನಿ.”

ಭಾವ ಬಿಡಲಿಲ್ಲ. ಮತ್ತೊಂದು ಎಳೆ ಹರಿಯಿತು. ಅವರೆದುರು ಎಂದೂ ದನಿಯೇರಿಸದವನು ಗದರಿದ:

“ಕಟ್ಕೊಂಡ ಹೆಂಡ್ತೀನ ಮರೆತು ತಂತಿ ತಬ್ಕೊಂಡು ನಿಂತಿದ್ರು ಅಂತ ಹೇಳಲಾ ಅಕ್ಕನಿಗೆ?”

ಭಾವನಿಗೆ ಸಿಟ್ಟು ನೆತ್ತಿಗೇರಿತು. ಆ ಸಿಟ್ಟಿನಲ್ಲೇ ಕೈ ಸಡಿಲಿತು. ಕಂಬಿ ಹಿಡಿದು, ಪಾದ ಎತ್ತದೆ ಜರುಗುತ್ತ ಬಂದರು. ಹಲಗೆಯ ನಡುವಿಗೆ ಬಂದಾಗ ಎಡತಂತಿಯ ಮೇಲೆ ಅರವತ್ತು. ಅವನು ಒಂದು ಅಂಗುಲವೂ ಮುಂದೆ ಬಾಗಲಿಲ್ಲ. ತನ್ನ ತಂತಿಗೆ ಬೆನ್ನೊತ್ತಿ ನಿಂತ. ಅರ್ಧ ಮೀಟರ್ ಉಳಿದಾಗ ಭಾವ ಅವನ ಅಂಗಿಯ ಕೊರಳುಪಟ್ಟಿ ಹಿಡಿದರು.

“ಮೇಲೆ ಬಾ, ನಿನಗಿದೆ” ಎಂದರು.

ಮಹಡಿಯಿಂದ ಕೂಗಾಟದೊಂದಿಗೆ ಹಗ್ಗಗಳು ಇಳಿಯತೊಡಗಿದವು. ಎಡಗಡೆಯ ತಂತಿಯಲ್ಲಿ ಉಳಿದದ್ದು ಮೂರು ಎಳೆ. ಹಲಗೆಯದು ಇಪ್ಪತ್ತು, ಭಾವನದು ಹತ್ತು: ಅವುಗಳ ಮೇಲೆ ಈಗ ಮೂವತ್ತು ಕಿಲೋ.