ಟವಲ್ಲಿನ ಕೆಳಗೆ ಭೂಗೋಳ

ಅಣ್ಣಯ್ಯಪ್ಪ ಮೇಷ್ಟ್ರು ಹೆಗಲ ಮೇಲಿನ ಟವಲ್ಲು ತೆಗೆದು ಮೇಜಿನ ಮೇಲೆ ಹಾಸಿ, ಅದರೊಳಗೆ ಕೈ ತೂರಿಸಿದರು. ಎದುರಿಗಿದ್ದ ಬೆಟ್ಟಸ್ವಾಮಿ ಮೇಷ್ಟ್ರೂ ತೂರಿಸಿದರು. ಗಂಗಾಂಬಿಕೆಗೆ ಮೈ ಉರಿದುಹೋಯಿತು. ದನದ ಸಂತೆಯಲ್ಲಿ ಜೋಡೆತ್ತಿಗೆ ಬೆಲೆ ಕಟ್ಟುವವರು ಪಕ್ಕದವರಿಗೆ ಗೊತ್ತಾಗದಂತೆ ಬೆರಳು ಹಿಡಿದು ಲೆಕ್ಕ ಹೇಳುವುದು ಹೀಗೇ. ಮೇಷ್ಟ್ರಾದರೇನು, ಹುಟ್ಟಿದೂರಿನ ಸಂತೆ ಬಿಟ್ಟೀತೆ?

ಇಲ್ಲಿ ಬಿಕರಿಗಿದ್ದದ್ದು ಎತ್ತಲ್ಲ, ಪಾಠ. ಚರಿತ್ರೆ, ಭೂಗೋಳ, ಪೌರನೀತಿ ಮೂರನ್ನೂ ಕಲಸಿ ದೇಶಕ್ಕೆಲ್ಲ ಒಂದೇ ಸಮಾಜ ಪಾಠ ಮಾಡಬೇಕೆಂದು ೧೯೬೩ರ ಬೇಸಿಗೆಯಲ್ಲಿ ದೆಹಲಿಯಿಂದ ಕರಡು ಬಂದಿತ್ತು. ಎಂಟನೇ ಕ್ಲಾಸಿಗೆ ಒಟ್ಟು ಹನ್ನೆರಡು ಪಾಠ. ಯಾವುದಕ್ಕೆ ಎಷ್ಟು ಅಂತ ತುಮಕೂರು ಜಿಲ್ಲೆಯ ಅಭಿಪ್ರಾಯ ಬರೆದು ಕಳಿಸಬೇಕು. ಗುಬ್ಬಿಯ ಅಣ್ಣಯ್ಯಪ್ಪನವರದು ಚರಿತ್ರೆ, ಕುಣಿಗಲ್ಲಿನ ಬೆಟ್ಟಸ್ವಾಮಿಯವರದು ಪೌರನೀತಿ, ತುಮಕೂರಿನಲ್ಲೇ ಹೆಣ್ಣುಮಕ್ಕಳಿಗೆ ಕಲಿಸುವ ಗಂಗಾಂಬಿಕೆಯದು ಭೂಗೋಳ. ಈ ಸಮಿತಿಯ ಅಧ್ಯಕ್ಷರಾದ ಸೀತಾರಾಮಯ್ಯನವರು ಪೆನ್ನಿನ ಕ್ಯಾಪು ತೆಗೆದಿಟ್ಟುಕೊಂಡು ತೂಕಡಿಸುತ್ತಿದ್ದರು.

"ನಂಗಾರು, ನಿಂಗೈದು. ಭೂಗೋಳಕ್ಕೆ ಒಂದಿದ್ರೆ ಸಾಕು ಬುಡು," ಎಂದರು ಅಣ್ಣಯ್ಯಪ್ಪ, ವ್ಯಾಪಾರ ಕುದುರಿದ ಖುಷಿಯಲ್ಲಿ.

"ಒಂದ್ರಲ್ಲಿ ಏನ್ ಹೇಳ್ಲಿ ಸಾರ್? ಮಳೆ ಎಲ್ಲಿಂದ ಬರುತ್ತೆ ಅನ್ನೋದ್ರೊಳಗೇ ಮುಗ್ದೋಗುತ್ತೆ."

"ಮಳೆ ಬಂದ್ರೆ ಮೈ ನೆನೀತದೆ. ಅದಕ್ಕೆ ಪಾಠ ಯಾಕ್ ಮೇಡಂ?" ಬೆಟ್ಟಸ್ವಾಮಿ ನಕ್ಕರು. ಕೈ ಮಾತ್ರ ಟವಲ್ಲಿನಿಂದಾಚೆ ಬರಲಿಲ್ಲ.

ಇಷ್ಟು ವರ್ಷ ಕಲಿಸಿದ ನದಿ, ಮಣ್ಣು, ಗಾಳಿಯೆಲ್ಲ ಒಂದು ಬೆರಳಿಗೆ ಬಂದು ನಿಂತಿತಲ್ಲ ಎಂದುಕೊಂಡಳು ಗಂಗಾಂಬಿಕೆ. ಅಮೃತೂರಿನಲ್ಲಿ ದನದ ದಲ್ಲಾಳಿಯಾಗಿದ್ದ ಅವಳಪ್ಪ ಮನೆಯಲ್ಲಿ ಆಟಕ್ಕೆಂದು ಅವಳಿಗೂ ಈ ಬೆರಳಿನ ಲೆಕ್ಕ ಕಲಿಸಿದ್ದ. ಸಂತೆಗೆ ಮಾತ್ರ ಕರೆದೊಯ್ದಿರಲಿಲ್ಲ. ಅಲ್ಲಿ ಹೆಣ್ಣಿನ ಕೈ ಹಿಡಿಯುವವರು ಯಾರು?

ಅದು ಹೊಳೆದದ್ದೇ ತಡ, ಅವಳು ಕುರ್ಚಿ ಎಳೆದುಕೊಂಡು ಟವಲ್ಲಿನೊಳಗೆ ತನ್ನ ಬಲಗೈ ತೂರಿಸಿದಳು.

ಇಬ್ಬರೂ ಕೆಂಡ ಮುಟ್ಟಿದವರಂತೆ ಕೈ ಎಳೆದುಕೊಂಡರು. ಅಣ್ಣಯ್ಯಪ್ಪನವರು ಕೈಯನ್ನು ಕೋಟಿನ ಜೇಬಿಗಿಳಿಸಿ ಕಿಟಕಿಯಾಚೆ ನೋಡತೊಡಗಿದರು.

"ಇದೇನ್ ಮೇಡಂ ಇದು," ಎಂದರು ಬೆಟ್ಟಸ್ವಾಮಿ ಮೆಲ್ಲಗೆ. "ಯಾರಾದ್ರೂ ನೋಡಿದ್ರೆ ಏನಂದಾರು?"

"ವ್ಯಾಪಾರ ಸಾರ್. ನಾನು ಐದು ಬೆರಳು ಕೊಟ್ಟಿದೀನಿ. ಜಾಸ್ತಿ ಆಯ್ತು ಅನ್ನೋರು ಹಿಡಿದು ಹೇಳಿ."

ಯಾರೂ ಹಿಡಿಯಲಿಲ್ಲ. ಈ ಗುಸುಗುಸುವಿಗೆ ಸೀತಾರಾಮಯ್ಯನವರಿಗೆ ಎಚ್ಚರವಾಯಿತು. "ಭೂಗೋಳಕ್ಕೆ ಎಷ್ಟಮ್ಮಾ?"

"ಐದು ಸಾರ್. ಉಳಿದ ಏಳನ್ನ ಇವರಿಬ್ರೂ ಹಂಚ್ಕೋತಾರೆ."

"ಏನ್ರಪ್ಪಾ, ಒಪ್ಪಿಗೇನಾ?"

ಇಲ್ಲ ಎನ್ನಬೇಕಾದರೆ ಟವಲ್ಲಿನ ಕಥೆಯನ್ನೂ ಹೇಳಬೇಕು. ಆ ಧೈರ್ಯ ಯಾರಿಗಿತ್ತು? ಸೀತಾರಾಮಯ್ಯನವರು ಕನ್ನಡಕ ಸರಿಮಾಡಿಕೊಂಡು, ಭೂಗೋಳದ ಮುಂದೆ ಐದು ಎಂದು ನಿಧಾನವಾಗಿ ಬರೆದರು. ಅವರು ಶಾಯಿಯ ಮೇಲೆ ಒತ್ತುಕಾಗದ ಒತ್ತುವ ತನಕ ಗಂಗಾಂಬಿಕೆ ಕೈ ತೆಗೆಯಲಿಲ್ಲ. ಆಮೇಲೆ ಟವಲ್ಲು ಮಡಚಿ ಅಣ್ಣಯ್ಯಪ್ಪನವರ ಮುಂದಿಟ್ಟಳು.