ಒಳಗೆ ಬಾರದ ಉತ್ತರ

ಐದು ದಿನದಿಂದ ಬೀಗದಣ್ಣ ದೇವರಲ್ಲಿ ಒಂದೇ ಒಂದು ಬೇಡಿಕೊಳ್ಳುತ್ತಿದ್ದ: ತನ್ನ ಮೇಲ್ ಸರ್ವರ್ ಕೆಟ್ಟು ಹೋಗಿರಲಪ್ಪಾ ಎಂದು.

ಬೀಗ ರಿಪೇರಿ ಅವನ ಕಸುಬು. ತನ್ನ ಪತ್ರ ಕಂಡವರ ಕಂಪ್ಯೂಟರಿನಲ್ಲಿ ಕೂತಿರುವುದೆಂದರೆ ಮನೆಯ ಬೀಗದಕೈಯನ್ನು ದಾರಿಹೋಕನಿಗೆ ಕೊಟ್ಟ ಹಾಗೆ ಎಂದು ಹಟ ಹಿಡಿದು, ಹಳೆಯ ಕಂಪ್ಯೂಟರೊಂದನ್ನು ಅಡುಗೆಮನೆಯ ಅಟ್ಟದ ಮೇಲೆ ಕೂರಿಸಿ, ಮನೆಯವರ ಮೇಲ್ ಎಲ್ಲ ಅದಕ್ಕೇ ಬರುವಂತೆ ಮಾಡಿದ್ದ. ಮನೆಯವರೆಂದರೆ ಯಾರು ಮಹಾ? ಅವನು ಮತ್ತು ಅವನ ಅಕ್ಕ, ಅಷ್ಟೇ.

ಇಂಥವನು ನಲವತ್ತೊಂದನೆಯ ವಯಸ್ಸಿನಲ್ಲಿ ಹಲ್ಲಿನ ಡಾಕ್ಟರಮ್ಮನಿಗೆ ಮನಸೋತ. ಕ್ಲಿನಿಕ್ಕಿನ ಔಷಧಿ ಬೀರುವಿನ ಬೀಗ ಸರಿಮಾಡಲು ಮೂರು ಸಲ ಹೋಗಿದ್ದ. ಮೊದಲನೆಯ ಸಲವೇ ಅದು ಸರಿಯಾಗಿತ್ತು ಎನ್ನುವುದು ಬೇರೆ ಮಾತು. ಎದುರಿಗೆ ಹೇಳಲು ಧೈರ್ಯವೆಲ್ಲಿ? 'ನನ್ನನ್ನು ಮದುವೆಯಾಗುತ್ತೀರಾ?' ಎಂದು ಸೋಮವಾರ ಮೇಲ್ ಕಳಿಸಿ ಕೂತ. ಶನಿವಾರವಾದರೂ ಉತ್ತರವಿಲ್ಲ. ಸರ್ವರ್ ಕೆಟ್ಟಿದ್ದರೆ ಬದುಕಿದ. ಕೆಟ್ಟಿಲ್ಲವೆಂದರೆ ಅವಳಿಗೆ ಮನಸ್ಸಿಲ್ಲ, ಮುಗಿಯಿತು ಕಥೆ.

ಆವತ್ತು ಬೆಳಗ್ಗೆ ಅಂಗಡಿ ತೆರೆಯದೆ ಸ್ಟೂಲು ಹತ್ತಿದ. ತನಗೆ ತಾನೇ ಒಂದು ಮೇಲ್ ಕಳಿಸಿಕೊಂಡ. ತಕ್ಷಣ ಬಂತು. ಅವನ ಮುಖ ಸಪ್ಪಗಾಯಿತು.

"ನಿನ್ನ ಮನೇಲೇ ನಿಂತ್ಕೊಂಡು ನಿನ್ನನ್ನೇ ಕೂಗಿದ್ರೆ ಕೇಳಿಸದೆ ಇರುತ್ತೇನೋ?" ಎಂದಳು ಅಕ್ಕ. "ಹೊರಗಿನಿಂದ ಯಾರಾದ್ರೂ ಕಳಿಸಲಿ."

"ಅಕ್ಕಾ, ನೀನು ದೇವತೆ ಕಣೇ!"

ಅಕ್ಕ ಗೆಳತಿಗೆ ಫೋನು ಮಾಡಿ ಒಂದು ಮೇಲ್ ಹಾಕಿಸಿದಳು. ಅದೂ ಅರ್ಧ ನಿಮಿಷದಲ್ಲಿ ಬಂತು. ಡಿಸ್ಕ್ ತುಂಬಿರಬಹುದೆಂದು ನೋಡಿದರೆ ಮುಕ್ಕಾಲು ಪಾಲು ಖಾಲಿ. ಹಾಳಾದ್ದು, ಎಷ್ಟು ಚೆನ್ನಾಗಿ ಕಟ್ಟಿದ್ದನೋ ಏನೋ, ಒಂದು ದೋಷವೂ ಸಿಗಲಿಲ್ಲ. ಜನ್ಮದಲ್ಲೇ ಮೊದಲ ಸಲ ಅವನಿಗೆ ತನ್ನ ಕೈಕೆಲಸದ ಮೇಲೆ ಸಿಟ್ಟು ಬಂತು. ಇನ್ನೇನು ಅತ್ತೇಬಿಡುತ್ತಿದ್ದ.

"ಬಾಗಿಲಿಗೆ ಯಾರ್ಯಾರು ಬಂದಿದ್ರು ಅಂತ ಅದು ಬರೆದಿಟ್ಕೊಳ್ಳಲ್ವಾ?"

"ಲಾಗ್‌ನಲ್ಲಿರುತ್ತೆ. ನೋಡೋಕೆ ಭಯ ಕಣೇ."

"ಭಯ ಅಂತೆ ಭಯ! ತೆಗಿ ಅದನ್ನ."

ತೆಗೆದ. ಡಾಕ್ಟರಮ್ಮನ ವಿಳಾಸ ಒಂದಲ್ಲ, ಮೂರು ಕಡೆ ಇತ್ತು. ಸೋಮವಾರ, ಅವನು ಕಳಿಸಿ ಹನ್ನೊಂದೇ ನಿಮಿಷಕ್ಕೆ, ಆಮೇಲೆ ಮಂಗಳವಾರ, ಆಮೇಲೆ ಬುಧವಾರ. ಮೂರನ್ನೂ ಸರ್ವರ್ ಹಿಂದಕ್ಕೆ ಕಳಿಸಿತ್ತು. ಏನು ಬರೆದಿದ್ದಳೆಂಬುದು ಮಾತ್ರ ಎಲ್ಲೂ ಇಲ್ಲ. ಲಾಟರಿ ಮೇಲ್‌ಗಳ ಕಾಟ ತಾಳಲಾರದೆ, ಹೆಸರಿಗೂ ಇಂಟರ್ನೆಟ್ಟಿನ ನಂಬರಿಗೂ ತಾಳೆಯಾಗದ ಯಾವ ಸರ್ವರಿನ ಪತ್ರವನ್ನೂ ಒಳಗೆ ಬಿಡಬಾರದೆಂದು ಹೋದ ತಿಂಗಳು ಅವನೇ ನಿಯಮ ಹಾಕಿದ್ದ. ಕ್ಲಿನಿಕ್ಕಿನ ಸರ್ವರ್ ಅದಕ್ಕೆ ಸಿಕ್ಕಿಬಿದ್ದಿತ್ತು.

"ಸಿಕ್ತು! ತಪ್ಪು ಸಿಕ್ತು!" ಎಂದು ಸ್ಟೂಲಿನ ಮೇಲೇ ಕುಣಿದ.

"ಇರೋ. ವಾಪಸ್ ಕಳಿಸುವಾಗ ಅದು ಏನಂತ ಹೇಳಿ ಕಳಿಸುತ್ತೆ?"

ಕುಣಿತ ನಿಂತಿತು. ಆ ವಾಕ್ಯವನ್ನೂ ಸಿಟ್ಟಿನ ಭರದಲ್ಲಿ ಅವನೇ ಬರೆದಿದ್ದ: 'ನಿಮ್ಮಂಥವರನ್ನು ಬೇಕಾದಷ್ಟು ನೋಡಿದ್ದೇನೆ. ಇನ್ನೊಮ್ಮೆ ಈ ಕಡೆ ತಲೆ ಹಾಕಿದರೆ ಜೋಕೆ!'

ಅಕ್ಕ ಹಣೆ ಚಚ್ಚಿಕೊಂಡಳು. "ಅಯ್ಯೋ ಕೋಡಂಗಿ! ಚಪ್ಪಲಿ ಹಾಕ್ಕೊ, ಓಡು!"

ಕ್ಲಿನಿಕ್ಕಿನ ಬೆಂಚಿನ ಮೇಲೆ ನಾಲ್ಕು ಜನ ಕೆನ್ನೆ ಹಿಡಿದುಕೊಂಡು ಕೂತಿದ್ದರು. ಡಾಕ್ಟರಮ್ಮ ಒಳಗಿನಿಂದ ಬಂದು, ಇವನನ್ನು ಕಂಡು ಅಲ್ಲೇ ನಿಂತಳು.

"ಅದು ನಾನಲ್ಲ, ಸರ್ವರ್ರು... ಅಂದ್ರೆ ಬರೆದಿದ್ದು ನಾನೇ, ಆದ್ರೆ ನಿಮಗಲ್ಲ..." ಎಂದು ಬೀಗದಣ್ಣ ತೊದಲುತ್ತಾ ನಡೆದದ್ದನ್ನೆಲ್ಲ ಹೇಳಿದ.

ಅವಳು ಪೂರ್ತಿ ಕೇಳಿಸಿಕೊಂಡಳು. ನಗಲಿಲ್ಲ. "ಮೊದಲ್ನೇದರಲ್ಲಿ 'ಆಗ್ತೀನಿ' ಅಂತ ಬರೆದಿದ್ದೆ. ಬೈದು ಕಳಿಸಿದ್ರಿ. ಎರಡ್ನೇದರಲ್ಲಿ 'ಏನಿದು ತಮಾಷೆ?' ಅಂತ ಕೇಳಿದೆ. ಮತ್ತೆ ಬೈದ್ರಿ. ರಾತ್ರಿಯೆಲ್ಲ ಅತ್ತಿದ್ದೀನಿ, ಗೊತ್ತಾ? ಮೂರ್ನೇದರಲ್ಲಿ ನಾನೂ ಬೈದೆ, ಅದು ಈ ಜನದ ಮುಂದೆ ಹೇಳೋ ಹಾಗಿಲ್ಲ."

ಅವನಿಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. "ಆ ಮೊದಲ್ನೇದು... ಇನ್ನೂ ಇದೆಯಾ ಡಾಕ್ಟ್ರೇ?"

"ಎದುರಿಗೆ ನಿಂತು ಇನ್ನೊಂದ್ಸಲ ಕೇಳಿ. ಎಲ್ರಿಗೂ ಕೇಳಿಸೋ ಹಾಗೆ."

ಬೆವರು ಒರೆಸಿಕೊಂಡು ಕೇಳಿದ. ಬೆಂಚಿನವರು ನೋವು ಮರೆತು ಅವಳ ಮುಖವನ್ನೇ ನೋಡಿದರು.

"ಆಗ್ತೀನಿ," ಎಂದಳು. "ಆದ್ರೆ ಆ ಮೂರ್ನೇದನ್ನೂ ನಾನು ವಾಪಸ್ ತಗೊಳ್ಳಲ್ಲ."