ಕೀಲಿಮಣೆಯ ಮೇಲಿನ ದಾರ

ಎರಡು ಪಾದ ಒಂದೇ ಸಮ ಇಲ್ಲದವರಿಗೆ ಬೂಟು ಹೊಲಿದುಕೊಡುವುದು ನಮ್ಮ ಕಸುಬು. ಮುನ್ನೂರು ಜನರ ಪಾದದ ಅಳತೆ ಅಂಗಡಿಯ ಕಂಪ್ಯೂಟರಿನಲ್ಲಿತ್ತು. ಸೋಮವಾರ ಅದು ಏಳಲಿಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲು ಬಿಳಿ ಅಕ್ಷರ ಮೂಡಿ ಅಲ್ಲೇ ನಿಂತಿತು. ಅಳತೆ ಹೋದರೆ ಮುನ್ನೂರು ಜನರನ್ನೂ ಮತ್ತೆ ಕರೆಸಿ ಪಾದ ಹಿಡಿಯಬೇಕು. ಎಷ್ಟು ಜನ ಬಂದಾರು?

ಸಂಜೆ ಕೆಲಸ ಮುಗಿಸಿ ಬಂದ ಸೊಸೆ ಒಂದು ಪೆನ್ ಡ್ರೈವ್ ಚುಚ್ಚಿದಳು. ಒಳಗಿನ ಡಿಸ್ಕ್ ಅರ್ಧ ಕೆಟ್ಟಿದೆ, ಅಳತೆಗಳು ಅದರಲ್ಲೇ ಉಳಿದಿವೆ, ಇನ್ನು ಮೇಲೆ ಕಂಪ್ಯೂಟರ್ ಮೊದಲು ಪೆನ್ ಡ್ರೈವ್ ನೋಡಿ ಏಳುವಂತೆ ಸೆಟ್ಟಿಂಗ್ ಬದಲಿಸಿದ್ದೇನೆ ಎಂದಳು. ಎದ್ದೂ ಬಿಟ್ಟಿತು. ಆದರೆ ಅಳತೆಗಳ ನಕಲಿಗೆ ಇಡೀ ದಿನ ಬೇಕು, ಅಂಗಡಿ ಮುಚ್ಚಿದ ಮೇಲೆ ಯಾವ ಯಂತ್ರವೂ ಓಡಬಾರದೆಂಬುದು ನನ್ನ ಹಠ. ಬೆಳಿಗ್ಗೆ ಗುಂಡಿ ಒತ್ತಿದರೆ ಸಾಕು, ಉಳಿದದ್ದು ತಾನೇ ಆಗುತ್ತದೆ ಎಂದು ಹೇಳಿ ಹೋದಳು.

ಬೆಳಿಗ್ಗೆ ಒತ್ತಿದೆ. ಅದೇ ಬಿಳಿ ಸಾಲು.

ಮಂಗಳವಾರ ಸಂಜೆ ಬೇರೆ ಪೆನ್ ಡ್ರೈವ್ ತಂದಳು, ಸೆಟ್ಟಿಂಗ್ ಸರಿಯಾಗಿ ಉಳಿದಿರಲಿಕ್ಕಿಲ್ಲವೆಂದು ಅದನ್ನೂ ಮತ್ತೊಮ್ಮೆ ಮಾಡಿಟ್ಟಳು. ಬುಧವಾರ ಬೆಳಿಗ್ಗೆ ಮತ್ತದೇ ಕಥೆ. ಆ ಸಂಜೆ ಸೆಟ್ಟಿಂಗ್ ತೆರೆದವಳು ದನಿ ತಗ್ಗಿಸಿದಳು.

"ಅತ್ತೆ, ಪೆನ್ ಡ್ರೈವ್‌ದು ತಪ್ಪಲ್ಲ. ನಾನು ಮಾಡಿಟ್ಟಿದ್ದನ್ನ ಯಾರೋ ಹಿಂದಕ್ಕೆ ತಿರುಗಿಸಿದ್ದಾರೆ."

ನನಗಿಂತ ಮೊದಲು ಬಂದು ಅಂಗಡಿ ತೆರೆಯುವವನು ಒಬ್ಬನೇ: ಪಾದದ ಅಚ್ಚನ್ನು ಮರದಲ್ಲಿ ಕೆತ್ತುವ ಅಚ್ಚಣ್ಣ. ಸ್ವಂತ ಅಂಗಡಿಗೆಂದು ಪಕ್ಕದ ಬೀದಿಯಲ್ಲಿ ಮಳಿಗೆ ನೋಡುತ್ತಿದ್ದಾನೆಂದು ಕಿವಿಗೆ ಬಿದ್ದಿತ್ತು. ನಮ್ಮ ಅಳತೆ ಹೋದರೆ ಅವನಿಗೇನು ನಷ್ಟ? ಪಾದಗಳೆಲ್ಲ ಅವನ ಬೆರಳಿಗೆ ಬಾಯಿಪಾಠ. ಸೊಸೆ ಹೊರಟ ಮೇಲೆ ಮೇಣ ಹಚ್ಚಿದ ಒಂದು ದಾರವನ್ನು ಕೀಲಿಮಣೆಯ ಮೇಲೆ ಅಡ್ಡಲಾಗಿ ಇಟ್ಟೆ.

ಗುರುವಾರ ದಾರ ಕದಲಿರಲಿಲ್ಲ. ಪರದೆಯ ಮೇಲೆ ಮಾತ್ರ ಅದೇ ಸಾಲು.

ನನ್ನ ಅನುಮಾನ ಈಗ ಸೊಸೆಯ ಕಡೆ ಹೊರಳಿತು. ಹೊಸ ಕಂಪ್ಯೂಟರ್ ಕೊಳ್ಳೋಣವೆಂದು ಅವಳು ಮೊದಲಿನಿಂದಲೂ ಹೇಳುತ್ತಿದ್ದಳಲ್ಲ. ಅವಳು ಸೆಟ್ಟಿಂಗ್ ತೆರೆದಾಗಲೆಲ್ಲ ಪರದೆಯಲ್ಲಿ ಕಂಡದ್ದನ್ನು, ಅರ್ಥವಾಗದಿದ್ದರೂ, ಅಕ್ಷರಕ್ಕೆ ಅಕ್ಷರ ಪುಸ್ತಕದಲ್ಲಿ ಇಳಿಸಿಕೊಂಡಿದ್ದೆ. ಅವಳ ತಪ್ಪು ಹಿಡಿಯಲೆಂದೇ ಹಾಳೆ ತಿರುವಿದೆ. ಪರದೆಯ ಮೂಲೆಯಲ್ಲಿದ್ದ ತಾರೀಖು. ಮಂಗಳವಾರ ಜನವರಿ ಒಂದು, ಬುಧವಾರವೂ ಜನವರಿ ಒಂದು. ವರ್ಷ ಹದಿನಾರು ವರ್ಷ ಹಿಂದಿನದು. ಅಳತೆ ಹಾಳುಮಾಡುವವರು ತಾರೀಖನ್ನೇಕೆ ಮುಟ್ಟುತ್ತಾರೆ? ಫೋನ್ ಮಾಡಿದೆ.

"ಒಳಗೆ ನಾಣ್ಯದಷ್ಟು ಒಂದು ಸೆಲ್ ಇರುತ್ತೆ ಅತ್ತೆ. ಅದು ಸತ್ತಿದ್ರೆ, ಕರೆಂಟ್ ಪೂರ್ತಿ ಹೋದಾಗೆಲ್ಲ ಇದು ಎಲ್ಲಾ ಮರೆತುಬಿಡುತ್ತೆ. ಆದ್ರೆ ಅಂಗಡೀಲಿ ಕರೆಂಟ್ ಹೋಗಿಲ್ವಲ್ಲ?"

ಅಂಟಿನ ಡಬ್ಬಿಗಳಿಗೆ ಬೆಂಕಿ ತಗುಲೀತೆಂಬ ಭಯಕ್ಕೆ, ಬಾಗಿಲು ಹಾಕುವ ಮುಂಚೆ ಮೇನ್ ಸ್ವಿಚ್ ಇಳಿಸುವುದು ಇಪ್ಪತ್ತು ವರ್ಷದಿಂದ ನನ್ನದೇ ಕೈ. ಅಷ್ಟರಲ್ಲಿ ಅವಳು ಹೊರಟಿರುತ್ತಿದ್ದಳು.

ಸೆಲ್ ತಂದುಕೊಟ್ಟವನು ಅಚ್ಚಣ್ಣ. ಸಂಜೆ ಸೊಸೆ ಅದನ್ನು ಕೂರಿಸಿದಳು. ಶುಕ್ರವಾರ ಬೆಳಿಗ್ಗೆ ಗುಂಡಿ ಒತ್ತಿದೆ. ಕಂಪ್ಯೂಟರ್ ಎದ್ದಿತು, ಮುನ್ನೂರು ಜನರ ಪಾದಗಳು ಒಂದೊಂದಾಗಿ ಹೊರಗೆ ಬರತೊಡಗಿದವು. ಅಚ್ಚಣ್ಣ ಉಳಿಯಿಂದ ತಲೆ ಎತ್ತಲಿಲ್ಲ.

"ಅಮ್ಮಾ, ನಿನ್ನೆ ಫ್ಯಾನ್ ಹಾಕಿದಾಗ ನಿಮ್ಮ ದಾರ ಹಾರಿ ಕೆಳಗೆ ಬಿತ್ತು. ಎತ್ತಿ, ಹೆಂಗಿತ್ತೋ ಹಂಗೇ ಇಟ್ಟೆ. ಇಲ್ಲಾಂದ್ರೆ ನನ್ನ ತಲೆಗೇ ಬರ್ತಿತ್ತು."

"ಮಳಿಗೆ ನೋಡಿದ್ಯಂತೆ?" ಎಂದೆ.

"ನೋಡಿದ್ದು ನಿಜ. ಬಾಡಿಗೆ ಕೇಳಿ ವಾಪಸ್ ಬಂದೆ."

ಒಂದು ನಕಲು ಅಂಗಡಿಯ ಹೊರಗೂ ಇರಲಿ ಎಂದು ಸೊಸೆ ಹೇಳಿದ್ದಳು. ನಕಲು ತುಂಬಿದ ಎರಡನೆಯ ಪೆನ್ ಡ್ರೈವನ್ನು ಅಂಗೈಯಲ್ಲಿ ಬಹಳ ಹೊತ್ತು ಹಿಡಿದುಕೊಂಡಿದ್ದೆ. ಸಂಜೆ ಅವನು ಹೊರಟಾಗ, "ಇದು ನಿನ್ನ ಮನೇಲಿರಲಿ" ಎಂದು ಕೊಟ್ಟೆ. ಅಂಗಿಯ ಜೇಬಿಗಿಳಿಸಿ ಗುಂಡಿ ಹಾಕಿಕೊಂಡ.

ಅವನು ಬೀದಿಯ ತಿರುವು ದಾಟುವವರೆಗೂ ಬಾಗಿಲಲ್ಲೇ ನಿಂತು ನೋಡಿದೆ, ಪಕ್ಕದ ಬೀದಿಯ ಕಡೆ ತಿರುಗುತ್ತಾನೋ ಮನೆಯ ಕಡೆಗೋ ಎಂದು. ಮನೆಯ ಕಡೆಗೇ ತಿರುಗಿದ.